ನಾಲ್ಕು ತಾಸಿನ ಲೆಕ್ಕ

ಭಾನುವಾರ ಬೆಳಗ್ಗೆ, ಗಂಗಾವತಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲ್. ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಪಕ್ಕದಲ್ಲಿ ಎರಡು ಮಿರ್ಚಿ. ಎದುರಿಗೆ ಕೂತವರು ಮೊಬೈಲ್ ನನ್ನ ಕಡೆ ತಿರುಗಿಸಿದರು. ಹಂಪಿಯ ಕಲ್ಲಿನ ರಥದ ಫೋಟೊ, ಹಿಂದೆ ಗುಡುಗಿನ ಸದ್ದು, ಮೇಲೆ ಕೆಂಪಕ್ಷರದಲ್ಲಿ 'ವಿಜಯನಗರ ಬಿದ್ದಿದ್ದರ ಅಸಲಿ ಸತ್ಯ'. ಇವರು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ನನಗೆ ಹಳೇ ಪರಿಚಯ. ಜಮಾ-ಖರ್ಚಿನಲ್ಲಿ ಒಂದು ರೂಪಾಯಿ ಕೂಡದಿದ್ದರೆ ರಾತ್ರಿ ನಿದ್ದೆ ಮಾಡುವ ಆಸಾಮಿ ಅಲ್ಲ.

"ಸರ, ಎರಡು ನೂರು ವರ್ಷದ ರಾಜ್ಯ ನಾಕು ತಾಸಿನ್ಯಾಗ ಹೋಗ್ತದೇನ್ರಿ? ಒಳಗಿನವರು ಕೈ ಕೊಡದಂಗ ಹೆಂಗ್ ಹೋಗ್ತದ? ನೀವ ಹೇಳ್ರಿ."

ನಮ್ಮ ಕಡೆ 1565, ವಿಜಯನಗರ ಯುದ್ಧದಲ್ಲಿ ಸೋತ ವರ್ಷ, ಅಂದರೆ ಹೋದ ವರ್ಷ ನಡೆದ ಸಂಗತಿ ಇದ್ದ ಹಾಗೆ. ಆನೆಗೊಂದಿ ಇಲ್ಲಿಂದ ಹತ್ತು-ಹನ್ನೆರಡು ಕಿಲೋಮೀಟರ್. ಹೊಳೆ ದಾಟಿದರೆ ಹಂಪಿ. ಗದ್ದೆಗೆ ನೀರು ಕಟ್ಟುವವರೂ ಮುರಿದ ಮಂಟಪದ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಅಷ್ಟು ಹತ್ತಿರ ಹಾಳು ಹಂಪಿ ಇರುವಾಗ 'ಯಾರು ಹಾಳು ಮಾಡಿದರು' ಅನ್ನುವ ಪ್ರಶ್ನೆ ಪುಸ್ತಕದಲ್ಲಿ ಉಳಿಯೋದಿಲ್ಲ, ಹೋಟೆಲ್ಲಿಗೆ ಬರುತ್ತದೆ.

ಅವರ ಪ್ರಶ್ನೆಯನ್ನ ಸುಮ್ನೆ ನಕ್ಕು ತಳ್ಳಿಹಾಕುವಂತಿಲ್ಲ. ಅದು ಲೆಕ್ಕದವರು ಕೇಳುವ ಪ್ರಶ್ನೆ. 1336ರಲ್ಲಿ ಶುರುವಾದ ರಾಜ್ಯ ಅಂತ ಹಿಡಿದರೆ 229 ವರ್ಷ. ಎಡಗಡೆ ಅಷ್ಟು ದೊಡ್ಡ ಮೊತ್ತ. ಬಲಗಡೆ ಒಂದು ಮಧ್ಯಾಹ್ನ. ಎರಡೂ ಕೂಡುವುದಿಲ್ಲ. ಲೆಕ್ಕ ಬರೆಯುವವರು ಇಂಥ ಕಡೆ ಏನು ಮಾಡುತ್ತಾರೆ? ಕೂಡದ ಮೊತ್ತವನ್ನ 'ಸಸ್ಪೆನ್ಸ್ ಖಾತೆ' ಅಂತ ಒಂದು ಖಾತೆ ತೆಗೆದು ಅದರಲ್ಲಿ ಹಾಕಿಡುತ್ತಾರೆ. ಯಾತಕ್ಕೆ ಬಂತು, ಎಲ್ಲಿಗೆ ಹೋಯಿತು ಅಂತ ಆಮೇಲೆ ಹುಡುಕೋಣ, ಸದ್ಯಕ್ಕೆ ಎರಡು ಕಡೆ ಸಮ ಆಗಲಿ ಅಂತ. ಇತಿಹಾಸದ ಬಗ್ಗೆ ನಾವು ಹೇಳಿಕೊಳ್ಳುವ ಸಂಚಿನ ಕಥೆಗಳು ಬಹಳಷ್ಟು ಇದೇ ಖಾತೆಯವು. ವ್ಯತ್ಯಾಸ ಇಷ್ಟೇ, ಗಿರಣಿಯಲ್ಲಿ ಮಾರ್ಚ್ ಒಳಗೆ ಆ ಖಾತೆ ಚುಕ್ತಾ ಮಾಡಲೇಬೇಕು. ಇತಿಹಾಸಕ್ಕೆ ಮಾರ್ಚ್ ಬರುವುದಿಲ್ಲ.

ಈ ಸಮ ಮಾಡುವ ಹಟ ನಮ್ಮೂರಿನವರಿಗೆ ಮಾತ್ರ ಇಲ್ಲ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯನ್ನ ಗುಂಡಿಟ್ಟು ಕೊಂದರು. ಹೊಡೆದವನು ಅಂತ ಸಿಕ್ಕಿಬಿದ್ದ ಓಸ್ವಾಲ್ಡ್ ಒಬ್ಬ ಪುಸ್ತಕ ಗೋದಾಮಿನ ಕೆಲಸಗಾರ, ವಯಸ್ಸು 24. ಜಗತ್ತಿನ ಅತಿ ಬಲಶಾಲಿ ಮನುಷ್ಯ ಒಂದು ಕಡೆ, ಇಂಥ ಒಬ್ಬ ಯಾರೋ ಇನ್ನೊಂದು ಕಡೆ. ಜನ ಒಪ್ಪಲಿಲ್ಲ, ಇವತ್ತಿಗೂ ಎಷ್ಟೋ ಜನ ಒಪ್ಪಿಲ್ಲ. ಸಿಐಎ, ಮಾಫಿಯಾ, ಕ್ಯೂಬಾ, ರಷ್ಯಾ, ಕೊನೆಗೆ ಉಪಾಧ್ಯಕ್ಷರವರೆಗೆ ಎಲ್ಲರ ಹೆಸರೂ ಬಂತು. ಈಗ 1981 ನೋಡಿ. ಆಗಿನ ಅಧ್ಯಕ್ಷ ರೇಗನ್ ಮೇಲೂ ಗುಂಡು ಹಾರಿತು, ಆತ ಬದುಕಿಕೊಂಡ. ಹೊಡೆದವನು ಒಬ್ಬ ಸಿನಿಮಾ ನಟಿಯ ಗಮನ ಸೆಳೆಯಲು ಹೀಗೆ ಮಾಡಿದ ಅಂತ ಗೊತ್ತಾಯಿತು. ಜನ ಹೌದಾ ಅಂತ ಕೇಳಿ ಸುಮ್ಮನಾದರು. ಅಲ್ಲೂ ಗುಂಡು, ಇಲ್ಲೂ ಗುಂಡು, ಅದೇ ಹುದ್ದೆ. ಸತ್ತಿದ್ದಕ್ಕೆ ಸಂಚು ಬೇಕಾಯಿತು, ಬದುಕಿದ್ದಕ್ಕೆ ಬೇಕಾಗಲಿಲ್ಲ. ಇದನ್ನ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 1979ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಧ್ಯಕ್ಷ ಸತ್ತ ಅಂತ ಹೇಳಿದರೆ ಜನ 'ಇದರ ಹಿಂದೆ ಗುಂಪಿದೆ' ಅಂತ ಜಾಸ್ತಿ ನಂಬಿದರು, ಗುರಿ ತಪ್ಪಿತು ಅಂದಾಗ ಕಡಿಮೆ. ಪರಿಣಾಮ ದೊಡ್ಡದಾದರೆ ಕಾರಣವೂ ದೊಡ್ಡದೇ ಇರಬೇಕು ಅಂತ ಮನಸ್ಸು ಹಟ ಹಿಡಿಯುತ್ತದೆ.

ಹಾಗಾದರೆ 1565ರ ಜನವರಿಯಲ್ಲಿ ನಿಜಕ್ಕೂ ಆಗಿದ್ದೇನು? ಮೊದಲಿಗೆ, ತಾಳಿಕೋಟೆ ಯುದ್ಧ ಅಂತ ಕರೆದರೂ ಕಾದಾಟ ತಾಳಿಕೋಟೆಯಲ್ಲಿ ಆಗಿಲ್ಲ. ವಿಜಯನಗರದ ಮೇಲೆ ಬಂದ ದಖನ್ನಿನ ಸುಲ್ತಾನರ ದಂಡು ಬೀಡು ಬಿಟ್ಟಿದ್ದು ಅಲ್ಲಿ, 1564ರ ಡಿಸೆಂಬರ್ ಕೊನೆಗೆ. ಅದಕ್ಕೇ ನಮ್ಮ ಪುಸ್ತಕಗಳು ರಕ್ಕಸಗಿ-ತಂಗಡಗಿ ಅಂತಲೂ ಬರೆಯುತ್ತವೆ, ಕೃಷ್ಣಾ ತೀರದ ಹಳ್ಳಿಗಳ ಹೆಸರು.

ಇಲ್ಲಿ ಸಂಚು ಇತ್ತಾ? ಇತ್ತು, ಭರ್ಜರಿಯಾಗೇ ಇತ್ತು. ಆದರೆ ವಿಡಿಯೋದವರು ಹುಡುಕುವ ಜಾಗದಲ್ಲಿ ಅಲ್ಲ. ಅಳಿಯ ರಾಮರಾಯ ಕೃಷ್ಣದೇವರಾಯನ ಮಗಳ ಗಂಡ. ಪಟ್ಟದ ಮೇಲೆ ಕೂತಿದ್ದವನು ಸದಾಶಿವರಾಯ, ಕೀಲಿಕೈ ಇದ್ದದ್ದು ರಾಮರಾಯನ ಸೊಂಟದಲ್ಲಿ. ಸುಮಾರು ಇಪ್ಪತ್ತು ವರ್ಷ ಆತ ಒಬ್ಬ ಸುಲ್ತಾನನ ಮೇಲೆ ಇನ್ನೊಬ್ಬನನ್ನ ಎತ್ತಿಕಟ್ಟಿಕೊಂಡೇ ಬಂದ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರುವ ಮೊದಲು ಅಣ್ಣನಿಗೆ ಹೆದರಿ ಓಡಿಬಂದು ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಸರೆಯಲ್ಲೇ ಇದ್ದ. ಬಿಜಾಪುರದ ಅಲಿ ಆದಿಲ್ ಷಾ ರಾಮರಾಯನ ಮಗ ತೀರಿಕೊಂಡಾಗ ಮಾತಾಡಿಸಿಕೊಂಡು ಹೋಗಲು ತಾನೇ ಬಂದಿದ್ದ. ರಾಮರಾಯನ ಹೆಂಡತಿ ಅವನನ್ನ ಮಗನ ಹಾಗೆ ಕಂಡಳು ಅಂತ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಷ್ತಾ ಬರೆಯುತ್ತಾನೆ. ವಾಪಸ್ ಹೊರಟಾಗ ರಾಮರಾಯ ಬೀಳ್ಕೊಡಲು ಬರಲಿಲ್ಲವಂತೆ, ಅದು ಅಲಿಯ ಮನಸ್ಸಿಗೆ ಹತ್ತಿತು. ಮದುವೆ ಮನೆಯಲ್ಲಿ ಬಾಗಿಲವರೆಗೆ ಬಂದು ಕಳಿಸಲಿಲ್ಲ ಅಂತ ವರ್ಷಗಟ್ಟಲೆ ಮಾತು ಬಿಡುವವರು ನಮ್ಮಲ್ಲೂ ಇದ್ದಾರಲ್ಲ, ಹಾಗೆ. ಆದರೂ ಮುಂದೆ ಇಬ್ಬರೂ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋದರು.

ಕೊನೆಗೆ ಸುಲ್ತಾನರು ಒಂದಾದರು. ಒಂದಾಗಿದ್ದು ಹೇಗೆ ಅಂತ ನೋಡಿದರೆ ನಿಜವಾದ ಸಂಚಿನ ಗುರುತು ಸಿಗುತ್ತದೆ. ಅಹಮದನಗರದ ಹುಸೇನ್ ನಿಜಾಮ್ ಷಾ ತನ್ನ ಮಗಳು ಚಾಂದ್ ಬೀಬಿಯನ್ನ ಅಲಿ ಆದಿಲ್ ಷಾನಿಗೆ ಕೊಟ್ಟ. ಅಷ್ಟು ದಿನ ಇಬ್ಬರೂ ಕಚ್ಚಾಡುತ್ತಿದ್ದ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಹೋಯಿತು. ಅಲಿಯ ತಂಗಿ ಹುಸೇನನ ಮಗನಿಗೆ ಹೆಂಡತಿಯಾಗಿ ಬಂದಳು. ಗೋಲ್ಕೊಂಡ, ಬೀದರ್ ಜೊತೆಗೂಡಿದವು. ಬೇರಾರಿನವರು ಬರಲಿಲ್ಲ. ಇದನ್ನ ಪಿತೂರಿ ಅನ್ನಿ, ರಾಜಕೀಯ ಅನ್ನಿ. ಇದರಲ್ಲಿ ಎರಡು ಮದುವೆ ಇದೆ, ಒಂದು ಕೋಟೆ ಕೈ ಬದಲಾಗಿದೆ, ಬರೆದಿಟ್ಟ ಜನ ಇದ್ದಾರೆ. ನಿಜವಾದ ಸಂಚು ಖರ್ಚಿಲ್ಲದೆ ಆಗೋದಿಲ್ಲ. ಖರ್ಚಾದ ಮೇಲೆ ಎಲ್ಲೋ ಒಂದು ಕಡೆ ಚೀಟಿ ಉಳಿದಿರುತ್ತದೆ.

ಯುದ್ಧದ ದಿನದ ಕಥೆಯಲ್ಲೂ ಮೋಸ ಇದೆ, ಅದನ್ನೂ ಫರಿಷ್ತಾ ಮುಚ್ಚಿಟ್ಟಿಲ್ಲ. ಕೃಷ್ಣೆ ದಾಟುವ ಕಡವನ್ನ ವಿಜಯನಗರದವರು ಗಟ್ಟಿಯಾಗಿ ಕಾಯುತ್ತಿದ್ದರು. ಸುಲ್ತಾನರ ದಂಡು ಬೇರೆ ಕಡವು ಹುಡುಕುವವರ ಹಾಗೆ ದಂಡೆಗುಂಟ ನಡೆಯತೊಡಗಿತು. ಆಚೆ ದಂಡೆಯವರೂ ಅವರನ್ನ ನೋಡಿಕೊಂಡೇ ಜೊತೆಜೊತೆಗೆ ಹೊರಟರು. ಮೂರನೇ ದಿನಕ್ಕೆ ಸುಲ್ತಾನರು ಸರ್ರನೆ ತಿರುಗಿ ಬಂದು ಕಾವಲಿಲ್ಲದ ಮೊದಲಿನ ಕಡವಿನಲ್ಲೇ ದಾಟಿಬಿಟ್ಟರು. ಆಮೇಲೆ ತೋಪು. ಅಹಮದನಗರದ ಕಡೆ ಚಲಬಿ ರೂಮಿ ಖಾನ್ ಅನ್ನುವವನ ಕೈಯಲ್ಲಿ 600 ತೋಪು, ದೊಡ್ಡವು, ನಡುವಿನವು, ಸಣ್ಣವು ಅಂತ ಮೂರು ಸಾಲು. ಮುಂದೆ ಬಿಲ್ಲುಗಾರರನ್ನ ನಿಲ್ಲಿಸಿ ತೋಪು ಕಾಣದ ಹಾಗೆ ಮಾಡಿದ್ದರು. ಎದುರಾಳಿ ಹತ್ತಿರ ಬಂದಾಗ ತಾಮ್ರದ ಕಾಸಿನ ಚೀಲಗಳನ್ನೇ ತೋಪಿಗೆ ತುಂಬಿ ಹಾರಿಸಿದರಂತೆ. ಒಂದು ಚೀಲ ಚಿಲ್ಲರೆ ಮುಖಕ್ಕೆ ಸಿಡಿದರೆ ಏನಾಗುತ್ತದೆ ಅಂತ ಯೋಚಿಸಿ.

ರಾಮರಾಯ ಮುದುಕ. ಎಂಬತ್ತು ಅನ್ನುವವರಿದ್ದಾರೆ, ತೊಂಬತ್ತಾರು ಅಂತ ಬರೆದವರೂ ಇದ್ದಾರೆ. ಕುದುರೆ ಹತ್ತಿ ಅಂದರೂ ಕೇಳದೆ ಪಲ್ಲಕ್ಕಿಯಲ್ಲೇ ಕೂತಿದ್ದ. ಗದ್ದಲದಲ್ಲಿ ಒಂದು ಆನೆ ನುಗ್ಗಿ ಬಂತು, ಪಲ್ಲಕ್ಕಿ ಹೊತ್ತವರು ಬಿಟ್ಟು ಓಡಿದರು, ಮುದುಕ ಸಿಕ್ಕಿಬಿದ್ದ. ಹುಸೇನ್ ನಿಜಾಮ್ ಷಾ ಅಲ್ಲೇ ತಲೆ ಕಡಿಸಿ ಈಟಿಗೆ ಸಿಕ್ಕಿಸಿ ಎತ್ತಿ ತೋರಿಸಿದ. ಆ ಕಾಲದ ದಂಡುಗಳು ಒಡೆಯನ ಹೆಸರಿನಲ್ಲಿ ಕಟ್ಟಿದವು. ಒಡೆಯನ ತಲೆ ಈಟಿ ಮೇಲೆ ಕಂಡಮೇಲೆ ನಿಂತು ಕಾದಾಡುವವರು ಯಾರು? ಇದಿಷ್ಟರಲ್ಲಿ ಸೋಲಿಗೆ ಬೇಕಾದ ಕಾರಣ ಎಲ್ಲ ಇದೆ. ಇಲ್ಲದ್ದು ಒಬ್ಬ ದ್ರೋಹಿ ಮಾತ್ರ.

ದ್ರೋಹಿ ಬಂದಿದ್ದು ಎಲ್ಲಿಂದ? ಗಿಲಾನಿ ಸೋದರರು, ರಾಮರಾಯನ ಕೈಕೆಳಗಿದ್ದ ಇಬ್ಬರು ಮುಸ್ಲಿಂ ದಂಡನಾಯಕರು, ಯುದ್ಧದ ನಡುವೆ ಸುಲ್ತಾನರ ಕಡೆ ತಿರುಗಿದರು ಅನ್ನುವುದು ಕಥೆ. ಇದು ಗಾಳಿಯಲ್ಲಿ ಹುಟ್ಟಿದ್ದಲ್ಲ. ಯುದ್ಧ ಮುಗಿದ ಎರಡು ವರ್ಷಕ್ಕೆ, 1567ರಲ್ಲಿ, ಚೆಸಾರೆ ಫೆಡೆರಿಚಿ ಅನ್ನುವ ವೆನಿಸ್‌ನ ವ್ಯಾಪಾರಿ ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದ. ಊರು ಪೂರ್ತಿ ನೆಲಸಮ ಆಗಿಲ್ಲ, ಮನೆಗಳು ನಿಂತಿವೆ, ಖಾಲಿ ಬಿದ್ದಿವೆ, ಹುಲಿ-ಕಾಡುಪ್ರಾಣಿ ಸೇರಿಕೊಂಡಿವೆ ಅಂತಾರೆ ಅಂತ ಬರೆದವನು ಇವನೇ. ದಾರಿ ಕಾಯುತ್ತಾ ಕೂತವನಿಗೆ ಊರವರು ಹೇಳಿದ್ದು: ಇಬ್ಬರು ನಾಯಕರು, ಒಬ್ಬೊಬ್ಬರ ಕೈಯಲ್ಲಿ 70-80 ಸಾವಿರ ಜನ, ಅವರು ಕೈ ಕೊಟ್ಟರು, ಕಾಳಗ ನಾಲ್ಕು ತಾಸೂ ನಡೆಯಲಿಲ್ಲ. ನಮ್ಮ ಗಿರಣಿ ಲೆಕ್ಕದವರ 'ನಾಕು ತಾಸು' ಇಲ್ಲಿಂದ ಬಂದಿದ್ದು. 450 ವರ್ಷ ದಾಟಿ ಒಗ್ಗರಣೆ ತಟ್ಟೆಯ ಪಕ್ಕ ಕೂತಿದೆ.

ತೂಗಿ ನೋಡೋಣ. ಫೆಡೆರಿಚಿ ಯುದ್ಧ ನೋಡಿದವನಲ್ಲ, ಆದರೆ ತೀರಾ ಹತ್ತಿರದ ಕಾಲದವನು. ಫರಿಷ್ತಾ ಬರೆದಿದ್ದು ಹತ್ತಿರ ಹತ್ತಿರ ನಲವತ್ತು ವರ್ಷದ ಮೇಲೆ, ಅವನ ಪುಸ್ತಕದಲ್ಲಿ ದ್ರೋಹದ ಮಾತಿಲ್ಲ. ಹಾಗಂತ ದ್ರೋಹ ಆಗಿಲ್ಲ ಅಂತ ಅರ್ಥವಾ? ಅಲ್ಲ. ಗೆದ್ದವರು 'ನಾವು ಲಂಚ ಕೊಟ್ಟು ಗೆದ್ದೆವು' ಅಂತ ಬರೆಸುತ್ತಾರಾ? ಹಾಗೇ ಸೋತವರು 'ನಮ್ಮ ಮುದುಕ ಪಲ್ಲಕ್ಕಿ ಇಳಿಯಲಿಲ್ಲ, ಕಡವು ಕಾಯುವವರು ಮೋಸಹೋದರು' ಅಂತ ಹೇಳಿಕೊಳ್ಳುತ್ತಾರಾ? ಎರಡೂ ಕಡೆಯ ಸಾಕ್ಷಿಗೆ ತಮ್ಮ ತಮ್ಮ ಸ್ವಾರ್ಥ ಇದೆ. ನನ್ನ ಅಂದಾಜು ಕೇಳಿದರೆ, ಯಾವುದೋ ಒಂದಷ್ಟು ಪಡೆ ಮಗ್ಗುಲು ಬದಲಿಸಿದ್ದರೂ ಇರಬಹುದು, ದಖನ್ನಿನಲ್ಲಿ ಅದು ದಿನನಿತ್ಯದ ವ್ಯವಹಾರ. ಒಂದೂವರೆ ಲಕ್ಷ ಜನ ಒಟ್ಟಿಗೆ ಹೊರಳಿದರು ಅನ್ನುವುದು ಮಾತ್ರ ಸೋತ ಊರಿನ ಬೀದಿಯಲ್ಲಿ ಬೆಳೆದ ಸಂಖ್ಯೆ.

ಇವತ್ತಿನ ವಿಡಿಯೋಗಳಲ್ಲಿ ಈ ಕಥೆಗೆ ಇನ್ನೊಂದು ಬಣ್ಣ ಬಂದಿದೆ. ಗಿಲಾನಿಗಳ ಜಾತಿ-ಧರ್ಮವನ್ನೇ ಕಾರಣ ಮಾಡುತ್ತಾರೆ. ಆದರೆ ರಾಮರಾಯನ ದಂಡಿನಲ್ಲಿ ಮುಸ್ಲಿಮರು ಬೇಕಾದಷ್ಟಿದ್ದರು, ಸುಲ್ತಾನರ ಕಡೆ ಮರಾಠಾ ಸರದಾರರು ಇದ್ದರು. ಬಾಡಿಗೆ ಯಾರು ಕೊಡುತ್ತಾರೋ ಅವರ ಪರ ಕತ್ತಿ. ನಮ್ಮಲ್ಲಿ ಪ್ರತಿ ಸೋಲಿಗೂ ಒಬ್ಬ ಮೀರ್ ಸಾದಿಕ್ ಬೇಕು. ಶ್ರೀರಂಗಪಟ್ಟಣಕ್ಕೆ ಅವನು, ಕಿತ್ತೂರಿಗೆ ಮಲ್ಲಪ್ಪ ಶೆಟ್ಟಿ, ಹಂಪಿಗೆ ಗಿಲಾನಿ. ದ್ರೋಹಿ ಸಿಕ್ಕರೆ ಸೋಲಿನ ಅವಮಾನ ಅರ್ಧ ಇಳಿಯುತ್ತದೆ. ನಾವು ಸೋಲಲಿಲ್ಲ, ನಮ್ಮನ್ನ ಮಾರಿದರು ಅಷ್ಟೇ.

ನಮ್ಮ ಲೆಕ್ಕದವರು ಅಷ್ಟಕ್ಕೇ ಬಿಡಲಿಲ್ಲ. ಬೆರಳು ಸರಿಸಿ ಇನ್ನೊಂದು ಸಂದೇಶ ತೆಗೆದರು. ಯುದ್ಧ ಆಗಿದ್ದು ಜನವರಿ 23. ನೇತಾಜಿ ಹುಟ್ಟಿದ್ದು ಜನವರಿ 23. ಕೇಂದ್ರ ಸರ್ಕಾರ ನೇತಾಜಿ ಫೈಲುಗಳನ್ನ ಬಿಚ್ಚಿದ್ದು 2016ರ ಜನವರಿ 23. "ಸುಮ್ನ ಕೂಡತಾವೇನ್ರಿ ಇವು?"

ಇದು ಬಿಚ್ಚಲು ಬಹಳ ಸುಲಭ, ಅದಕ್ಕೇ ನನಗೆ ಇಷ್ಟ. ನೇತಾಜಿ ಫೈಲು ಬಿಚ್ಚಿದ್ದು ಆ ದಿನವೇ, ಯಾಕೆಂದರೆ ಅದು ಅವರ ಹುಟ್ಟುಹಬ್ಬ. ಬೇಕಂತಲೇ ಆರಿಸಿದ ದಿನ. ಅಲ್ಲಿಗೆ ಮೂರರಲ್ಲಿ ಒಂದು ಹೋಯಿತು. ಇನ್ನು ಯುದ್ಧದ ದಿನ. ಎಲ್ಲ ಪುಸ್ತಕದಲ್ಲೂ 23 ಇಲ್ಲ, 26 ಅಂತ ಬರೆದವರೂ ಇದ್ದಾರೆ. ಅದಕ್ಕಿಂತ ಮಜ ಏನೆಂದರೆ, ಇವತ್ತು ನಾವು ಗೋಡೆಗೆ ತೂಗು ಹಾಕಿರುವ ಗ್ರೆಗೋರಿಯನ್ ಕ್ಯಾಲೆಂಡರ್ ಶುರುವಾಗಿದ್ದೇ 1582ರಲ್ಲಿ. 1565ರ ತಾರೀಖು ಹಳೇ ಜೂಲಿಯನ್ ಲೆಕ್ಕದ್ದು, ಎರಡಕ್ಕೂ ಹತ್ತು ದಿನದ ಫರಕು. ಈಗಿನ ಕ್ಯಾಲೆಂಡರಿಗೆ ತಂದರೆ ಆ ಜನವರಿ 23 ಫೆಬ್ರವರಿ 2 ಆಗುತ್ತದೆ. ಕೂಡಿದ್ದೆಲ್ಲ ಬಿಚ್ಚಿಹೋಯಿತು. ವರ್ಷಕ್ಕೆ ಇರುವುದೇ 365 ದಿನ, ಇತಿಹಾಸದಲ್ಲಿ ನಡೆದ ಸಂಗತಿ ಲಕ್ಷಾಂತರ. ಯಾವ ತಾರೀಖು ಹಿಡಿದರೂ ಜೋಡಿ ಸಿಗುತ್ತದೆ. ಕೂಡಿದ್ದನ್ನ ಮಾತ್ರ ಎಣಿಸಿ ಕೂಡದ್ದನ್ನ ಬಿಟ್ಟರೆ ಯಾವ ಲೆಕ್ಕವೂ ಪವಾಡವೇ.

ನೇತಾಜಿ ವಿಷಯ ಮಾತ್ರ ಇಷ್ಟು ಹಗುರ ಅಲ್ಲ. ಅಲ್ಲಿ ಸಂಶಯ ಜನರ ತಲೆಯಲ್ಲಿ ಸುಮ್ಮನೆ ಹುಟ್ಟಲಿಲ್ಲ, ಸರ್ಕಾರಗಳೇ ನೀರೆರೆದು ಬೆಳೆಸಿದವು. 1945ರ ಆಗಸ್ಟ್ 18ರಂದು ತೈಹೊಕುವಿನಲ್ಲಿ, ಅಂದರೆ ಈಗಿನ ತೈಪೆಯಲ್ಲಿ, ವಿಮಾನ ಬಿದ್ದು ಸುಟ್ಟ ಗಾಯದಿಂದ ತೀರಿಕೊಂಡರು ಅನ್ನುವುದು ಅಧಿಕೃತ ಮಾತು. ಚಿತಾಭಸ್ಮ ಟೋಕಿಯೋದ ರೆಂಕೋಜಿ ದೇವಾಲಯದಲ್ಲಿದೆ. ಶವದ ಫೋಟೊ ನೋಡಿ ಯಾರೂ ತೃಪ್ತರಾಗಲಿಲ್ಲ, ಭಾರತಕ್ಕೆ ದೇಹ ಬರಲಿಲ್ಲ. 1956ರ ಶಾ ನವಾಜ್ ಸಮಿತಿ ಸಾವನ್ನ ಒಪ್ಪಿತು. ಆದರೆ ಸಮಿತಿಯಲ್ಲೇ ಇದ್ದ ನೇತಾಜಿಯ ಅಣ್ಣ ಸುರೇಶ್ ಚಂದ್ರ ಬೋಸ್ ಒಪ್ಪದೆ ಹೊರಬಂದರು. ಖೋಸ್ಲಾ ಆಯೋಗ ಮತ್ತೆ ಒಪ್ಪಿತು. 1999ರಲ್ಲಿ ನೇಮಕವಾದ ಮುಖರ್ಜಿ ಆಯೋಗ ನೇತಾಜಿ ವಿಮಾನ ಅಪಘಾತದಲ್ಲಿ ಸತ್ತಿಲ್ಲ ಅಂದಿತು, ಸರ್ಕಾರ ಆ ವರದಿಯನ್ನೇ ತಳ್ಳಿಹಾಕಿತು. ಮೂರು ತನಿಖೆ, ಎರಡು ಉತ್ತರ, ನಡುವೆ ದಶಕಗಟ್ಟಲೆ ಬೀಗ ಹಾಕಿದ ಫೈಲು. ಬೀಗ ಇದ್ದಷ್ಟು ಕಾಲ ಒಳಗೆ ಏನಿದೆ ಅಂತ ಊರೆಲ್ಲ ಹೇಳುತ್ತದೆ. ಬೀಗ ತೆಗೆದ ಮೇಲೆ ಒಳಗೆ ಬಹುತೇಕ ಗುಮಾಸ್ತರ ಪತ್ರವ್ಯವಹಾರ ಇತ್ತು ಅಂದರೆ, 'ಅಸಲಿ ಫೈಲು ಮೊದಲೇ ಸುಟ್ಟಿದ್ದಾರೆ' ಅನ್ನುತ್ತದೆ.

ಲಾಲ್ ಬಹಾದೂರ್ ಶಾಸ್ತ್ರಿಯವರದ್ದೂ ಹೀಗೇ. 1966ರ ಜನವರಿ 11ರ ನಡುರಾತ್ರಿ ದಾಟಿದ ಮೇಲೆ ತಾಷ್ಕೆಂಟಿನಲ್ಲಿ ಸಾವು. ಹಿಂದಿನ ದಿನವಷ್ಟೇ ಒಪ್ಪಂದಕ್ಕೆ ಸಹಿ. ಹೃದಯಾಘಾತ ಅಂದರು. ಪೋಸ್ಟ್‌ಮಾರ್ಟಂ ಮಾಡಿಸಲಿಲ್ಲ. ಅವರಿಗೆ ಮೊದಲೇ ಹೃದಯದ ತೊಂದರೆ ಇತ್ತು, ಹಾಗಾಗಿ ಹೃದಯಾಘಾತ ನಂಬುವಂಥದ್ದೇ. ಆದರೆ ಒಂದು ಪೋಸ್ಟ್‌ಮಾರ್ಟಂ ಮಾಡಿಸದೆ ಬಿಟ್ಟ ತೂತು ಅರವತ್ತು ವರ್ಷವಾದರೂ ಮುಚ್ಚಿಲ್ಲ. ಇಂಥ ಕಡೆ ಸಂಶಯ ಪಡುವವರನ್ನ ಹುಚ್ಚರು ಅಂತ ನಾನು ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆಯನ್ನ ಕೇಳುತ್ತಿದ್ದಾರೆ, ಉತ್ತರ ಹೇಳಬೇಕಾದವರು ಹೊತ್ತಿಗೆ ಸರಿಯಾಗಿ ಹೇಳಲಿಲ್ಲ.

ಸಂಶಯ ಪಡುವವರಿಗೂ ಸಂಚಿನ ಕಥೆಯಲ್ಲೇ ಮುಳುಗಿದವರಿಗೂ ಫರಕು ಎಲ್ಲಿ? ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ರಾಜಕುಮಾರಿ ಡಯಾನಾ 1997ರಲ್ಲಿ ಪ್ಯಾರಿಸ್ಸಿನಲ್ಲಿ ಕಾರು ಅಪಘಾತದಲ್ಲಿ ಸತ್ತಳಲ್ಲ, ಅದರ ಬಗ್ಗೆ ಕೇಳಿದರು. ಆಕೆಯನ್ನ ಕೊಲ್ಲಿಸಿದರು ಅಂತ ಜಾಸ್ತಿ ನಂಬಿದವರೇ, ಆಕೆ ಸತ್ತೇ ಇಲ್ಲ, ಸತ್ತ ಹಾಗೆ ನಾಟಕ ಮಾಡಿದಳು ಅಂತಲೂ ಜಾಸ್ತಿ ನಂಬಿದರು. ಕೊಂದಿದ್ದಾರೆ, ಬದುಕಿದ್ದಾಳೆ, ಎರಡೂ! ಒಂದರ ಮೇಲೆ ಒಂದು ಕೂರದ ಮಾತು. ಆದರೆ ಅವರು ನಂಬಿದ್ದು ಈ ಕಥೆಯನ್ನೋ ಆ ಕಥೆಯನ್ನೋ ಅಲ್ಲ. 'ಹೇಳುತ್ತಿರುವುದು ಸುಳ್ಳು' ಅನ್ನುವುದೊಂದನ್ನೇ. ಆ ಬೇರು ಗಟ್ಟಿ ಇದ್ದರೆ ಮೇಲೆ ಯಾವ ಕೊಂಬೆ ಬಂದರೂ ನಡೆಯುತ್ತದೆ.

ಗುಟ್ಟು ಎಷ್ಟು ಜನರ ನಡುವೆ ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಇನ್ನೊಂದು ತಕ್ಕಡಿ. ಚಂದ್ರನ ಮೇಲೆ ಇಳಿದಿದ್ದು ಸ್ಟುಡಿಯೋದಲ್ಲಿ ತೆಗೆದ ಸಿನಿಮಾ ಅನ್ನುವವರಿಗೆ 2016ರಲ್ಲಿ ಒಬ್ಬ ವಿಜ್ಞಾನಿ ಗಣಿತ ಹಾಕಿ ತೋರಿಸಿದರು. ನಾಸಾ, ಅದಕ್ಕೆ ಕೆಲಸ ಮಾಡುತ್ತಿದ್ದ ಗುತ್ತಿಗೆ ಕಂಪನಿಗಳು ಸೇರಿ ಆಗ 4,11,000 ಜನ ಇದ್ದರು. ಅಷ್ಟು ಜನರ ಬಾಯಲ್ಲಿ ಗುಟ್ಟು ಮೂರು ವರ್ಷ ಎಂಟು ತಿಂಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಗಣಿತದ ಕರಾರು ಏನೇ ಇರಲಿ, ನಮ್ಮ ಓಣಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಮೂರು ದಿನ ಗುಟ್ಟಾಗಿ ಇದ್ದದ್ದನ್ನ ನಾನು ನೋಡಿಲ್ಲ. ಅಮೆರಿಕದ ವಾಟರ್‌ಗೇಟ್ ಸಂಚು, ಅಂದರೆ ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿಸಿದ್ದು, ನಿಜವೇ, ಬೆರಳೆಣಿಕೆ ಜನ, ಅಧ್ಯಕ್ಷರೇ ಕಾವಲು. ಆದರೂ 1972ರಲ್ಲಿ ಆಗಿದ್ದು 1974ಕ್ಕೆ ಅಧ್ಯಕ್ಷರ ಕುರ್ಚಿಯನ್ನೇ ತಿಂದಿತು.

ಬಳ್ಳಾರಿಗೆ ಹೋದರೆ ಇದೇ ಜಾತಿಯ ಒಂದು ಸಣ್ಣ, ಚಂದದ ಕಥೆ ಇದೆ. ಏಕಶಿಲೆಯ ಗುಡ್ಡದ ಮೇಲಿನ ಕೋಟೆ ಹನುಮಪ್ಪ ನಾಯಕ ಕಟ್ಟಿಸಿದ್ದು. ಹೈದರಾಲಿ ಬಂದ ಮೇಲೆ ಒಬ್ಬ ಫ್ರೆಂಚ್ ಎಂಜಿನಿಯರ್ ಕೈಯಲ್ಲಿ ಕೋಟೆ ಬಲಪಡಿಸಿ, ಕೆಳಕೋಟೆ ಕಟ್ಟಿಸಿದ. ಕೆಲಸ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿ ತೋಪು ಇಟ್ಟರೆ ಕೋಟೆ ಮುಗಿಯಿತು. ಹೈದರಾಲಿ ಸಿಟ್ಟಿಗೆದ್ದು ಎಂಜಿನಿಯರನ್ನ ಕೋಟೆ ಬಾಗಿಲಲ್ಲೇ ನೇಣಿಗೆ ಹಾಕಿಸಿದ. ಪೂರ್ವ ಬಾಗಿಲ ಹತ್ತಿರದ ಗೋರಿ ಅವನದೇ ಅಂತ ತೋರಿಸುತ್ತಾರೆ. ಅಲ್ಲ, ಅದು ಮುಸ್ಲಿಂ ಸಂತರದು ಅನ್ನುವವರೂ ಇದ್ದಾರೆ.

ಬಸ್ಸಿನಲ್ಲಿ ಬಳ್ಳಾರಿ ಹತ್ತಿರ ಬರುವಾಗ ನಾನು ಕಿಟಕಿಯಿಂದ ಎರಡೂ ಗುಡ್ಡ ನೋಡುತ್ತೇನೆ. ಕುಂಬಾರ ಗುಡ್ಡ ಅಂಗಾತ ಮಲಗಿದ ಮನುಷ್ಯನ ಮುಖದ ಹಾಗೆ ಕಾಣುತ್ತದೆ, ಮೂಗು-ಗದ್ದ ಸಮೇತ. ಅಷ್ಟು ದೊಡ್ಡ ಮುಖ ಎದುರಿಗೆ ಮಲಗಿರುವಾಗ ಅಳೆಯುವುದೇ ಕಸುಬಾಗಿದ್ದ ಎಂಜಿನಿಯರ್ ವರ್ಷಗಟ್ಟಲೆ ನೋಡಲೇ ಇಲ್ಲವಾ? ದಂಡು ಕಟ್ಟಿಕೊಂಡು ಕೋಟೆ ಗೆದ್ದ ಹೈದರಾಲಿಗೆ ಕಾಣಲಿಲ್ಲವಾ? ಕಥೆಯ ಆಕಾರ ಮಾತ್ರ ಎಲ್ಲೋ ಕೇಳಿದ ಹಾಗಿದೆ. ತಾಜ್ ಮಹಲ್ ಕಟ್ಟಿದವರ ಕೈ ಕಡಿಸಿದರು ಅಂತ ಉತ್ತರದಲ್ಲಿ ಹೇಳುತ್ತಾರಲ್ಲ, ಅದರದೇ ತಂಗಿ ಇದು. ದೊಡ್ಡ ಕಟ್ಟಡ, ಕ್ರೂರ ದೊರೆ, ಬಲಿಯಾದ ಕಸುಬುದಾರ. ಈ ಮೂರು ಪಾತ್ರ ಊರೂರು ತಿರುಗುತ್ತವೆ, ಹೋದ ಊರಿನಲ್ಲಿ ಅಲ್ಲಿಯ ಹೆಸರು ಇಟ್ಟುಕೊಳ್ಳುತ್ತವೆ. ಒಂದೇ ಕಥೆ ಎರಡು ಊರಿನಲ್ಲಿ ಬೇರೆ ಬೇರೆ ಅಂಗಿ ಹಾಕಿಕೊಂಡು ಸಿಕ್ಕರೆ ಜೇಬು ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ಈ ಕಥೆಯಿಂದ ಯಾರಿಗೂ ನಷ್ಟ ಇಲ್ಲ, ಅದಕ್ಕೇ ನನಗೂ ಅದರ ಮೇಲೆ ಪ್ರೀತಿ. ಬಳ್ಳಾರಿಗೆ ಯಾರಾದರೂ ನೆಂಟರು ಬಂದರೆ ನಾನೇ ಹೇಳುತ್ತೇನೆ.

ಎಲ್ಲ ಕಥೆಗಳೂ ಇಷ್ಟು ಸಾಧು ಅಲ್ಲ. ಹಂಪಿಯ ಬಂಗಾರದ ಕಥೆ ತಗೊಳ್ಳಿ. ಯುದ್ಧದಲ್ಲಿ ಸೋತ ಸುದ್ದಿ ಬಂದ ಕೂಡಲೇ ರಾಮರಾಯನ ತಮ್ಮ ತಿರುಮಲ, 550 ಆನೆಗಳ ಮೇಲೆ ಬಂಗಾರ-ವಜ್ರ ಹೇರಿಕೊಂಡು ಸದಾಶಿವರಾಯನ ಜೊತೆ ಪೆನುಕೊಂಡೆಗೆ ಹೋದ ಅಂತ ಹಳೇ ಬರಹಗಳಲ್ಲಿದೆ. ಜನರ ತರ್ಕ ಹೀಗೆ: ಇಷ್ಟನ್ನೂ ಆನೆ ಮೇಲೆ ಒಯ್ಯಲು ಆಗೋದಿಲ್ಲ, ಹಾಗಾದರೆ ಉಳಿದದ್ದು ಇಲ್ಲೇ ನೆಲದಲ್ಲಿ ಇದೆ. ಅಮಾವಾಸ್ಯೆ ರಾತ್ರಿ ಹಾರೆ-ಪಿಕಾಸಿ ಹಿಡಿದು ಹೊರಡುವ ನಿಧಿಗಳ್ಳರು ಈ ವಾಕ್ಯದಿಂದಲೇ ಹುಟ್ಟುತ್ತಾರೆ. 2019ರ ಜುಲೈನಲ್ಲಿ ಆನೆಗೊಂದಿ ಹತ್ತಿರದ ನಡುಗಡ್ಡೆ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನ ರಾತ್ರೋರಾತ್ರಿ ಒಡೆದು ಅಗೆದರು. ಪೊಲೀಸರು ಹಿಡಿದಿದ್ದು ನಿಧಿ ಹುಡುಕುವ ತಂಡವನ್ನ. ವ್ಯಾಸರಾಜರು 1539ರಲ್ಲಿ ಬೃಂದಾವನಸ್ಥರಾದ ಸನ್ಯಾಸಿ. ಕೃಷ್ಣದೇವರಾಯನ ಗುರು ಅನ್ನುವುದೊಂದೇ ಅವರ ಮೇಲಿನ ಆಪಾದನೆ, ರಾಜನ ಗುರು ಅಂದಮೇಲೆ ಕೆಳಗೆ ಬಂಗಾರ ಇರಲೇಬೇಕಲ್ಲ! ಊರವರು, ಭಕ್ತರು ಸೇರಿ ಮತ್ತೆ ಕಟ್ಟಿದರು. ನಿಧಿ ಸಿಕ್ಕರೂ ಅದು ತಂತಾನೇ ಅಗೆದವರದ್ದಾಗುವುದಿಲ್ಲ ಅನ್ನುವುದು ಬೇರೆ ಮಾತು. 10 ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರ ಕಾಯ್ದೆಯಲ್ಲೇ ಬರೆದಿದ್ದಾರೆ. ಹತ್ತು ರೂಪಾಯಿ!

ನಮ್ಮ ಸೀಮೆಯಲ್ಲಿ ಬಂಗಾರ ಹುಡುಕಲು ಹೋಗಿ ನಿಜವಾದ ಗುಟ್ಟು ಬಿಡಿಸಿದವನೂ ಒಬ್ಬ ಇದ್ದಾನೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತಿದ್ದ. ಸಿಕ್ಕಿದ್ದು ಬಂಡೆ ಮೇಲಿನ ಅಕ್ಷರ. ಅಲ್ಲಿಯವರೆಗೆ ದೇಶದ ತುಂಬ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನುವ ಬಿರುದು ಮಾತ್ರ ಇತ್ತು. ಇದು ಅಶೋಕನೇ ಇರಬೇಕು ಅಂತ 1837ರಿಂದ ಊಹೆ ಇತ್ತು, ಲಂಕೆಯ ಹಳೇ ಗ್ರಂಥ ಹಿಡಿದು ಮಾಡಿದ ಊಹೆ. ಮಸ್ಕಿಯ ಕಲ್ಲಿನಲ್ಲಿ 'ದೇವಾನಾಂಪಿಯಸ ಅಸೋಕಸ' ಅಂತ ನೇರವಾಗಿ ಹೆಸರೇ ಕೊರೆದಿತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರಿನ ಬಂಡೆಯಲ್ಲೂ ಹೆಸರು ಸಿಕ್ಕಿತು. 78 ವರ್ಷ ಸಸ್ಪೆನ್ಸ್ ಖಾತೆಯಲ್ಲಿದ್ದ ಮೊತ್ತ ಚುಕ್ತಾ ಆಯಿತು. ಊಹೆ ಮಾಡಿದವರು 'ಹೆಸರು ಬೇಕಂತಲೇ ಅಳಿಸಿದ್ದಾರೆ' ಅಂತ ವಿಡಿಯೋ ಮಾಡಲಿಲ್ಲ, ಇನ್ನೊಂದು ಕಲ್ಲು ಸಿಗಲಿ ಅಂತ ಕಾದರು.

ಹೋಟೆಲ್ಲಿಗೆ ವಾಪಸ್ ಬರೋಣ. ಎರಡನೇ ಚಹಾ ಬಂದಿತ್ತು. ಬಂಗಾರದ ವಿಷಯಕ್ಕೆ ಒಂದು ಕೊನೇ ಪೆಟ್ಟು ಕೊಡೋಣ ಅಂತ ನಾನು ಫೆಡೆರಿಚಿ ಬರೆದ ಕುದುರೆಗಳ ಪ್ರಸಂಗ ಹೇಳಿದೆ. ಯುದ್ಧ ಆದಮೇಲೆ ತಿರುಮಲ ಹಂಪಿಗೆ ಮರಳಿ ಬಂದು ಊರು ಕಟ್ಟಲು ನೋಡಿದ. ದಂಡಿಗೆ ಕುದುರೆ ಬೇಕು. ಕುದುರೆ ವ್ಯಾಪಾರಿಗಳಿಗೆ ಹೇಳಿ ಕಳಿಸಿದ: ಯುದ್ಧದಲ್ಲಿ ಕಳೆದ ನನ್ನ ಗುರುತಿನ ಕುದುರೆಗಳನ್ನ ತಂದುಕೊಟ್ಟರೂ ಸೈ, ಕೇಳಿದಷ್ಟು ಕೊಡುತ್ತೇನೆ. ಅವರು ನಂಬಿ ತಂದರು. ಎಲ್ಲ ಕುದುರೆ ಲಾಯಕ್ಕೆ ಸೇರುವವರೆಗೆ ಭಾರಿ ಮರ್ಯಾದೆ. ಆಮೇಲೆ ಬಿಡಿಗಾಸು ಕೊಡದೆ ಓಡಿಸಿಬಿಟ್ಟ.

"ನೋಡ್ರಿ," ಅಂದೆ, "550 ಆನೆ ಬಂಗಾರ ಇದ್ದವನು ಕುದುರೆಗೆ ರೊಕ್ಕ ಕೊಡೋಕಾಗದೆ ಮೋಸ ಮಾಡ್ತಾನಾ? ಅಷ್ಟು ಬಂಗಾರ ಇರಲೇ ಇಲ್ಲ."

ಲೆಕ್ಕದವರು ಮಿರ್ಚಿಯ ತೊಟ್ಟು ತಟ್ಟೆಯಲ್ಲಿ ಇಟ್ಟು, ಕೈ ಒರೆಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿದರು.

"ಕೊಡಲಿಲ್ಲ ಅಂದ್ರ ಇರಲಿಲ್ಲ ಅಂತ ಹೆಂಗ್ ಹೇಳ್ತೀರಿ ಸರ? ನಮ್ಮ ಮಾಲಕರು ಹಮಾಲರಿಗೆ ನಾಕು ತಿಂಗಳದ್ದು ಕೊಟ್ಟಿಲ್ಲ."

ಆ ದಿನದ ಚಹಾದ ದುಡ್ಡು ನಾನೇ ಕೊಟ್ಟೆ.